ಗದ್ದದ ಹುಣ್ಣಿನ ಬೇರು

ಆ ದಿನ ಹಲ್ಲು ನೋವಿದ್ದದ್ದು ತಮ್ಮನಿಗೆ. ಅಕ್ಕ ಜೊತೆಗೆ ಬಂದಿದ್ದರು, ಅಷ್ಟೆ.

ತಮ್ಮ ಖಾನಾಪುರದ ಕಚೇರಿಯಲ್ಲಿ ಕಾರಕೂನ. ಬೆಳಗಿನ ರೈಲಿಗೆ ಬೆಳಗಾವಿಗೆ ಬಂದು, ದಂಡಿನ ಕ್ಯಾಂಪಿನಲ್ಲಿದ್ದ ನನ್ನ ಹಲ್ಲಿನ ದವಾಖಾನೆಯ ಕುರ್ಚಿಯಲ್ಲಿ ಕೂತು, ಕೆನ್ನೆ ಹಿಡಿದುಕೊಂಡು ನರಳುತ್ತಿದ್ದ. ಅವನ ದವಡೆ ಹಲ್ಲು ಕೊಳೆತು ಬರೀ ಚಿಪ್ಪಾಗಿ ಉಳಿದಿತ್ತು. ಅದನ್ನು ಕಿತ್ತು, ಅರಳೆ ಕಚ್ಚಿಸಿ, ಕೈ ತೊಳೆಯಲು ಪಡಸಾಲೆಗೆ ಬಂದೆ. ಅಲ್ಲಿ ರೋಗಿಗಳು ಕೂಡುವ ಮರದ ಬಾಂಕಿನ ಒಂದು ತುದಿಗೆ ಅವನ ಅಕ್ಕ ಕೂತಿದ್ದರು. ಇನ್ನೊಂದು ತುದಿ ಖಾಲಿಯಿತ್ತು. ಸರದಿಗಾಗಿ ಕಾದಿದ್ದ ಇಬ್ಬರು ಬಾಂಕು ಬಿಟ್ಟು ಗೋಡೆಗೆ ಒರಗಿ ನಿಂತಿದ್ದರು. ಆಕೆ ಸೆರಗನ್ನು ತುಟಿಯ ಕೆಳಗೆ ಒತ್ತಿ ಹಿಡಿದಿದ್ದರು. ಗಾಳಿಗೆ ಸೆರಗು ಒಮ್ಮೆ ಸರಿದಾಗ ಗದ್ದದ ನಡುವೆ ಒಂದು ಕುಳಿ, ಕುಳಿಯ ಸುತ್ತ ಒಣಗಿದ ಹಕ್ಕಳೆ, ನಡುವೆ ಹನಿಯಷ್ಟು ಕೀವು ಕಂಡವು.

“ಇದು ಎಷ್ಟ ದಿವಸದಿಂದ ಐತ್ರಿ?” ಎಂದು ಕೇಳಿದೆ.

ಆಕೆ ಉತ್ತರ ಕೊಡುವ ಮೊದಲೇ ಒಳಗಿನಿಂದ ತಮ್ಮ ಅರಳೆ ಕಚ್ಚಿಕೊಂಡೇ ಎದ್ದು ಬಂದ. “ಅದರ ಔಷಧ ನಡದದ್ರಿ. ಅದು ಹಲ್ಲಿಂದಲ್ಲ” ಎಂದ. ಅವನ ದನಿಯಲ್ಲಿ ಸಿಟ್ಟಿರಲಿಲ್ಲ, ಅಂಜಿಕೆ ಇತ್ತು.

ನಾನು ಆಕೆಯನ್ನು ಒಳಗೆ ಕರೆದು ಕುರ್ಚಿಯಲ್ಲಿ ಕೂಡಿಸಿದೆ. ಕೆಳಗಿನ ಮುಂಬಲ್ಲುಗಳಲ್ಲಿ ಒಂದು, ಉಳಿದವುಗಳಿಗಿಂತ ತುಸು ಮಬ್ಬಾಗಿತ್ತು. ಹುಳುಕಿರಲಿಲ್ಲ, ಮುರಿದಿರಲಿಲ್ಲ. ಬೇರೆ ಹಲ್ಲುಗಳಿಗೆ ತಣ್ಣನೆಯ ನೀರು ಮುಟ್ಟಿಸಿದಾಗ ಆಕೆ ತಲೆ ಹಿಂದಕ್ಕೆಳೆದರು. ಈ ಹಲ್ಲಿಗೆ ಮುಟ್ಟಿಸಿದಾಗ ಸುಮ್ಮನಿದ್ದರು. ಬೆಳ್ಳಿಯ ಸಣ್ಣ ತಂತಿಯೊಂದನ್ನು ಕುದಿಸಿ ಆರಿಸಿ, ಗದ್ದದ ಕುಳಿಯೊಳಗೆ ಮೆಲ್ಲಗೆ ಬಿಟ್ಟೆ. ನಾನು ಒತ್ತಲಿಲ್ಲ. ತಂತಿ ತಾನೇ ದಾರಿ ಹುಡುಕಿಕೊಂಡು ಮೇಲೆ ಮೇಲೆ ಹೋಗಿ, ಆ ಮಬ್ಬು ಹಲ್ಲಿನ ಬೇರಿನ ತುದಿಗೆ ತಾಗಿ ನಿಂತಿತು.

“ಸಣ್ಣಾಕಿ ಇದ್ದಾಗ ಇಲ್ಲಿ ಏನಾರ ಪೆಟ್ಟ ಬಿದ್ದಿತ್ತೇನ್ರಿ?”

“ಬಿದ್ದಿದ್ದೆ” ಎಂದರು ಆಕೆ. “ಅತ್ತೀಮನ್ಯಾಗ. ಹನ್ನೆರಡ ವರ್ಷದಾಕಿ ಇದ್ದೆ.”

“ತಾನ ಬಿದ್ದದ್ದಲ್ರಿ” ಎಂದ ತಮ್ಮ, ಕಿಟಕಿಯ ಕಡೆ ನೋಡುತ್ತ. ಆಕೆ ಸೆರಗನ್ನು ಮತ್ತೆ ಗದ್ದಕ್ಕೆ ಎಳೆದುಕೊಂಡರು. ನಾನು ಮುಂದೆ ಕೇಳಲಿಲ್ಲ.

ಆ ಪೆಟ್ಟಿಗೆ ಹಲ್ಲಿನೊಳಗಿನ ಜೀವ ಸತ್ತಿತ್ತು. ಸತ್ತದ್ದು ಬೇರಿನ ನಾಳದೊಳಗೇ ಕೊಳೆಯುತ್ತ ಉಳಿದು, ವರ್ಷಗಳ ಮೇಲೆ ಬೇರಿನ ತುದಿಯ ಎಲುಬನ್ನು ತಿಂದು, ಬಾಯೊಳಗೆ ದಾರಿ ಸಿಗದೆ ಗದ್ದದ ಚರ್ಮ ಒಡೆದುಕೊಂಡು ಹೊರಗೆ ಬಂದಿತ್ತು. ಆದರೆ ಹಲ್ಲು ಒಂದು ದಿನವೂ ನೋಯದೆ ಇದ್ದುದರಿಂದ ಯಾರೂ ಬಾಯಿ ತೆರೆಸಿ ನೋಡಿರಲಿಲ್ಲ.

ಆಕೆ ಖಾನಾಪುರದ ಹೆಣ್ಣುಮಕ್ಕಳ ಶಾಲೆಯೊಂದರಲ್ಲಿ ಮಾಸ್ತರಿಕೆ ಮಾಡುತ್ತಿದ್ದರು. ಎಳವೆಯಲ್ಲೇ ಗಂಡ ಸತ್ತ ಮೇಲೆ ಪುಣೆಗೆ ಹೋಗಿ ಓದಿ ಬಂದವರು. ಊರಿನವರು ಅಕ್ಕಾವ್ರು ಎನ್ನುತ್ತಿದ್ದರು. ಈ ಹುಣ್ಣಿಗೆ ಮುಲಾಮು, ಲೇಪ, ಪಥ್ಯ ಎಲ್ಲ ಆಗಿದ್ದವು. ಖಾನಾಪುರದಲ್ಲಿ ಸ್ವಂತ ದವಾಖಾನೆ ಇಟ್ಟಿದ್ದ ವಯಸ್ಸಾದ ಡಾಕ್ಟರೊಬ್ಬರು ಎಲುಬಿನ ಕ್ಷಯ ಎಂದು ಹುಣ್ಣಿನ ಬಾಯಿಯನ್ನಷ್ಟೇ ಎರಡು ಸಲ ಹಗುರವಾಗಿ ಕೆರೆದಿದ್ದರು. ಮಾಯುವಂತೆ ಕಂಡು ಮತ್ತೆ ಒಡೆದಿತ್ತು. ಊರಿನ ಮಂದಿ ಅದಕ್ಕೆ ಬೇರೆ ಹೆಸರಿಟ್ಟಿದ್ದರು. ಆ ಹೆಸರನ್ನು ತಮ್ಮ ನನಗೆ ಹೇಳುವಾಗ ದನಿ ತಗ್ಗಿಸಿದ. “ಮಹಾರೋಗ ಅಂತಾರ್ರಿ, ಕುಷ್ಠ. ಸಾಲಿ ಕಮಿಟಿಯವರು ಆರಾಮ ಆಗೂತನಾ ಮನ್ಯಾಗ ಇರ್ರಿ ಅಂದಾರ.”

ಹಾಗಾದರೆ ಆ ಹಲ್ಲು ಕಿತ್ತುಬಿಟ್ಟರೆ ಮುಗಿಯಿತಲ್ಲ ಎಂದುಕೊಂಡು ಇಕ್ಕಳಕ್ಕೆ ಕೈ ಹಾಕಿದೆ. ಅಕ್ಕಾವ್ರು ಕುರ್ಚಿಯ ಕೈ ಗಟ್ಟಿಯಾಗಿ ಹಿಡಿದರು.

“ಕೀಳಬ್ಯಾಡ್ರಿ. ಒಮ್ಮೆ ದವಡಿ ಹಲ್ಲು ಕೀಳಿಸಿದ್ದೆ. ರಕ್ತ ನಿಲ್ಲಲೇ ಇಲ್ಲ. ಸಾಯೂದೊಂದ ಬಾಕಿ ಇತ್ತು.”

ತಮ್ಮ ಹೌದೆಂದು ತಲೆಯಾಡಿಸಿದ. ರಕ್ತ ಕಟ್ಟುವ ಪಟಕದ ಪುಡಿ, ಮಂಜುಗಡ್ಡೆ ಎಲ್ಲ ಸೋತು, ಕೊನೆಗೆ ಆ ಮುದಿ ಡಾಕ್ಟರು ಗಾಯಕ್ಕೆ ಬಟ್ಟೆ ತುರುಕಿ ಬೆರಳಿನಿಂದ ಒತ್ತಿ ಹಿಡಿದುಕೊಂಡೇ ಕೂತಿದ್ದರಂತೆ. ಅಕ್ಕಾವ್ರ ತಾಯಿಯೂ ಹೆರಿಗೆಯಲ್ಲಿ ರಕ್ತ ನಿಲ್ಲದೆ ಹೋದವರು. ಕೆಲವರ ರಕ್ತ ಹಾಗೆ. ಅಂಥವರಿಗೆ ಹಲ್ಲು ಕೀಳುವುದೆಂದರೆ ಆ ಕಾಲದಲ್ಲಿ ಜೀವದೊಡನೆ ಆಡಿದ ಹಾಗೆ. ಇಕ್ಕಳ ಕೆಳಗಿಟ್ಟೆ.

ಉಳಿದದ್ದು ಒಂದೇ ದಾರಿ. ಹಲ್ಲನ್ನು ಅದರ ಜಾಗದಲ್ಲೇ ಬಿಟ್ಟು, ಬೇರಿನ ನಾಳವನ್ನು ತುದಿಯವರೆಗೆ ತೊಳೆದು, ತುಂಬಿ ಮುಚ್ಚುವುದು. ಕಲಿತಿದ್ದೆ, ಮಾಡಿಯೂ ಇದ್ದೆ. ಆದರೆ ಗದ್ದ ಒಡೆದು ಬಂದ ಹಲ್ಲಿಗೆ ಎಂದೂ ಮಾಡಿರಲಿಲ್ಲ.

ಮೊದಲು ಚಿತ್ರ ಬೇಕಿತ್ತು. ದಂಡಿನ ಆಸ್ಪತ್ರೆಯಲ್ಲಿ ಎಕ್ಸ್‌-ರೇ ಯಂತ್ರ ನೋಡಿಕೊಳ್ಳುತ್ತಿದ್ದ ಗೋರಾ ಸಾರ್ಜಂಟನ ಹಲ್ಲುಗಳನ್ನು ನಾನೇ ನೋಡುತ್ತಿದ್ದೆ. ಅವನು ಮೇಲಿನವರನ್ನು ಕೇಳಿ ಒಪ್ಪಿಗೆ ತಂದ. ಎರಡು ಬೆರಳಗಲದ ಫಿಲ್ಮನ್ನು ಅಕ್ಕಾವ್ರ ನಾಲಗೆಯ ಕೆಳಗೆ ಇಟ್ಟು ತೆಗೆದ ಚಿತ್ರದಲ್ಲಿ ನನಗೆ ಬೇಕಾದದ್ದು ಕಂಡಿತು. ಬೇರಿನ ತುದಿಗೆ ನೇತುಹಾಕಿದ ಹಾಗೆ ಒಂದು ಕಪ್ಪು ಉಂಡೆ. ಅಲ್ಲಿ ಎಲುಬೇ ಇರಲಿಲ್ಲ.

ಕೆಲಸಕ್ಕೆ ಕೂಡಿಸಿದ ಮೊದಲ ದಿನವೇ ಅವರ ರಕ್ತ ಎಂಥದ್ದೆಂದು ತಿಳಿಯಿತು. ಹಲ್ಲಿಗೆ ಉಗುಳು ತಾಗದಂತೆ ತೆಳುವಾದ ರಬ್ಬರ್ ಹಾಳೆಗೆ ತೂತು ಮಾಡಿ, ತೂತಿನೊಳಗಿಂದ ಹಲ್ಲನ್ನು ಹೊರಗೆ ತಂದು, ಮೇಣ ತಿಕ್ಕಿದ ರೇಷ್ಮೆ ದಾರದಿಂದ ಬುಡಕ್ಕೆ ಕಟ್ಟಬೇಕು. ದಾರ ತಾಗಿದಲ್ಲೆಲ್ಲ ವಸಡಿನಿಂದ ರಕ್ತ ಜಿನುಗಿತು. ಪಟಕದ ನೀರಿನ ಅರಳೆ ಒತ್ತಿ ಹಿಡಿದು ಬಹಳ ಹೊತ್ತು ಕಾದೆ. ನಿಂತ ಮೇಲೆ ಕಾಲಿನಿಂದ ಬೈರಿಗೆ ಯಂತ್ರವನ್ನು ತುಳಿಯುತ್ತ, ಹಲ್ಲಿನ ಹಿಂಬದಿಯಿಂದ, ನಾಲಗೆಯ ಕಡೆಯಿಂದ, ಸಣ್ಣ ಬಾಗಿಲು ತೆಗೆದೆ. ಬಾಗಿಲು ತೆರೆದ ಕೂಡಲೇ ಕೊಳೆತ ವಾಸನೆ ಕೋಣೆ ತುಂಬಿತು. ಅಕ್ಕಾವ್ರು ಕಣ್ಣು ಮುಚ್ಚಿಕೊಂಡರು. ಕಣ್ಣಿನ ಕೊನೆಯಿಂದ ನೀರು ಇಳಿಯಿತು. ನೋವಿನಿಂದಲ್ಲ. ಅಷ್ಟು ವರ್ಷ ತಮ್ಮೊಳಗೆ ಇದು ಇತ್ತಲ್ಲ ಎಂಬ ನಾಚಿಕೆಗೆ.

ಮುಳ್ಳಿನಂಥ ಕೊಂಕಿಗಳಿರುವ ಕೂದಲೆಳೆಯ ತಂತಿಯಿಂದ ಒಳಗಿನ ಕಪ್ಪು ಎಳೆಗಳನ್ನು ತೆಗೆದೆ. ಕೆಳಗಿನ ಮುಂಬಲ್ಲಿನ ಬೇರು ಬಹಳ ಸಪೂರ. ಒಂದಿಷ್ಟು ತಿರುಚಿದರೂ ತಂತಿ ಮುರಿದು ಒಳಗೇ ಉಳಿಯುತ್ತದೆ. ನಂತರ ನನಗೆ ಕಲಿಸಿದ್ದಂತೆಯೇ ಫಾರ್ಮಾಲಿನ್ ಬೆರೆಸಿದ ಕಟುವಾದ ಔಷಧವನ್ನು ಅರಳೆಯ ಎಳೆಗೆ ಹಚ್ಚಿ, ನಾಳದಲ್ಲಿಟ್ಟು, ಮೇಲೆ ಬಿಗಿಯಾಗಿ ಮುಚ್ಚಿ ಕಳಿಸಿದೆ. ಒಳಗಿನ ವಿಷವನ್ನು ಆ ಔಷಧ ಕೊಲ್ಲುತ್ತದೆ ಎಂದು ಪುಸ್ತಕ ಹೇಳುತ್ತಿತ್ತು.

ವಾರ ಕಳೆಯುವ ಮೊದಲೇ ತಮ್ಮ ಒಬ್ಬನೇ ಬಂದ. “ಅಕ್ಕನ ಮಾರಿ ಬಾತದ್ರಿ. ಮೈ ಕಾಯ್ಲಿಕತ್ತದ. ಡಾಕ್ಟರು ನಿಮ್ಮನ್ನ ಕರಕೊಂಡ ಬಾ ಅಂದಾರ.”

ಚೀಲ ತೆಗೆದುಕೊಂಡು ಅವನ ಜೊತೆ ಖಾನಾಪುರದ ರೈಲು ಹತ್ತಿದೆ. ದಾರಿಯುದ್ದಕ್ಕೂ ಅವನು ಒಂದೇ ಮಾತು ಹೇಳಿದ. “ನನ್ನ ಮನಿಯಾಕಿಗೆ ಅಂಜಿಕಿ ಅದ್ರಿ. ಸಣ್ಣ ಕೂಸ ಅದ. ನೀವು ಏನೂ ತಿಳಕೋಬ್ಯಾಡ್ರಿ.”

ಮನೆಗೆ ಹೋದ ಮೇಲೆ ಆ ಮಾತಿನ ಅರ್ಥವಾಯಿತು. ಅಕ್ಕಾವ್ರಿಗೆ ಹೊರಗಿನ ಖೋಲಿ ಕೊಟ್ಟಿದ್ದರು. ಬೇರೆ ತಾಟು, ಬೇರೆ ತಂಬಿಗೆ. ತಮ್ಮನ ಹೆಂಡತಿ ನೀರಿನ ತಂಬಿಗೆಯನ್ನು ಕಿಟಕಿಯ ಕಟ್ಟೆಯ ಮೇಲಿಟ್ಟು, ಒಳಗಿನಿಂದ ಕೈ ಬರುವ ಮೊದಲೇ ಹಿಂದೆ ಸರಿದಳು. ಅಕ್ಕಾವ್ರ ಕೆಳತುಟಿಯಿಂದ ಗಂಟಲಿನವರೆಗೆ ಬಿಗಿದು ಕೆಂಪಾಗಿತ್ತು. ಮಾತಾಡಲು ಬಾಯಿ ಸರಿಯಾಗಿ ತೆರೆಯುತ್ತಿರಲಿಲ್ಲ.

ಮುದಿ ಡಾಕ್ಟರು ಅಲ್ಲೇ ಕುರ್ಚಿಯಲ್ಲಿ ಕೂತಿದ್ದರು. ಎತ್ತರದ ಆಳು, ಕೋಟು, ರುಮಾಲು. ನನ್ನನ್ನು ನೋಡಿದವರೇ ಎದ್ದು ಹೊರಗೆ ಕರೆದುಕೊಂಡು ಹೋದರು.

“ಹಲ್ಲಿಂದು ಅಂತ ನೀವು ಹೇಳೂತನಾ ನನಗ ಹೊಳೀಲಿಲ್ಲ. ಅದು ಖರೇ. ಒಪ್ಪಿಗೊಂಡೆ. ಆದರ ಸತ್ತ ಹಲ್ಲನ್ನ ಬಾಯಾಗ ಇಟ್ಟು ಏನ ಮಾಡ್ತೀರಿ? ಅದು ಮೈಗೆಲ್ಲಾ ವಿಷಾ ಕಳಸ್ತದ. ಕೀಲಿಗೆ, ಎದಿಗೆ. ವಿಲಾಯತಿ ಪತ್ರಿಕೆಯೊಳಗ ಈಗ ಅದನ್ನ ಬರೀಲಿಕತ್ತಾರ. ಕಿತ್ತು ಒಗೀರಿ.”

“ರಕ್ತ ನಿಲ್ಲಲಿಲ್ಲ ಅಂದ್ರ ಹೆಂಗ್ರಿ?”

“ನಾ ಒತ್ತಿ ಹಿಡೀತೀನಿ. ಒಮ್ಮೆ ಹಿಡದೀನಿ.”

“ಆವಾಗ ಈ ಬಾವು, ಈ ಜ್ವರ ಇರಲಿಲ್ರಿ.”

ಆ ಕಾಲದಲ್ಲಿ ದೊಡ್ಡ ದೊಡ್ಡ ಡಾಕ್ಟರುಗಳೂ ಅವರ ಮಾತನ್ನೇ ಹೇಳುತ್ತಿದ್ದರು. ಸತ್ತ ಹಲ್ಲುಗಳನ್ನು ಉಳಿಸುವವರನ್ನು ನಮ್ಮ ಕಸುಬಿನವರೇ ಬೈಯುತ್ತಿದ್ದರು. ನಾನು ಕಿತ್ತಿದ್ದರೆ, ಆಕೆ ಸತ್ತಿದ್ದರೂ, ಯಾರೂ ನನ್ನನ್ನು ತಪ್ಪು ಎನ್ನುತ್ತಿರಲಿಲ್ಲ. ಕೀಳದೆ ಸತ್ತರೆ ಎಲ್ಲರೂ ಎನ್ನುತ್ತಿದ್ದರು.

ಆಗ ನನಗೆ ಬಸ್ರಾದ ಆಸ್ಪತ್ರೆ ನೆನಪಾಯಿತು. ಮೊದಲ ಮಹಾಯುದ್ಧದಲ್ಲಿ ನಾನು ಅಲ್ಲಿ ಗಾಯ ಕಟ್ಟುವವನಾಗಿದ್ದೆ. ಮೊದಲ ವರ್ಷ ಗಾಯಗಳಿಗೆ ಸುಡುವಂಥ ಔಷಧ ಸುರಿಯುತ್ತಿದ್ದೆವು. ಕ್ರಿಮಿಯ ಜೊತೆಗೆ ಮಾಂಸವೂ ಸುಟ್ಟು, ಸುಟ್ಟ ಮಾಂಸ ಮತ್ತೆ ಕೊಳೆಯುತ್ತಿತ್ತು. ಆಮೇಲೆ ಬಂದ ಸರ್ಜನ್ ಒಬ್ಬರು ಅದನ್ನೆಲ್ಲ ಬಿಡಿಸಿ, ತಿಳಿಯಾದ ಕ್ಲೋರಿನ್ ನೀರನ್ನು ಸಣ್ಣ ನಳಿಗೆಯಿಂದ ಗಾಯದೊಳಗೆ ಮತ್ತೆ ಮತ್ತೆ ಹರಿಸಲು ಹೇಳಿದರು. ಸತ್ತದ್ದು ಕರಗಿ ಹೊರಗೆ ಬರುತ್ತಿತ್ತು, ಬದುಕಿದ್ದು ಉಳಿಯುತ್ತಿತ್ತು. ಅಕ್ಕಾವ್ರ ಬಾವು ನನಗೆ ಈಗ ಬೇರೆ ರೀತಿ ಕಂಡಿತು. ನಾನು ಒಳಗಿಟ್ಟು ಮುಚ್ಚಿದ ಕಟು ಔಷಧ ಬೇರಿನ ತುದಿ ದಾಟಿ ಎಲುಬನ್ನು ಸುಡುತ್ತಿದೆ. ಕೀವಿಗೆ ದಾರಿಯನ್ನೂ ನಾನೇ ಮುಚ್ಚಿದ್ದೇನೆ.

“ಕೀಳೂದಿಲ್ರಿ” ಎಂದೆ. “ಮುಚ್ಚಿದ್ದನ್ನ ತೆಗೀತೀನಿ. ಇನ್ನ ಮ್ಯಾಲ ಒಳಗ ಔಷಧ ಇಡೂದಿಲ್ಲ. ಬರೇ ತೊಳೀತೀನಿ.”

ಖೋಲಿಯ ಕಿಟಕಿಯ ಬೆಳಕಿಗೆ ಅಕ್ಕಾವ್ರನ್ನು ಕೂಡಿಸಿ, ಹಲ್ಲಿನ ಹಿಂದಿನ ಮುಚ್ಚಳ ತೆಗೆದೆ. ಒಳಗಿನಿಂದ ಗಾಳಿಯೂ ಕೀವೂ ಕೂಡಿ ಚಿಮ್ಮಿತು. ಆಕೆ ಉಸಿರು ಬಿಟ್ಟರು. ಬಾವು ಇಳಿಯುವುದು ನಿಧಾನ, ಆದರೆ ಆ ಉಸಿರು ಕೇಳಿದಾಗಲೇ ಡಾಕ್ಟರ ಮುಖದ ಬಿಗಿ ಸಡಿಲಾಯಿತು.

ತೊಳೆಯುವ ನೀರನ್ನು ಅವರ ದವಾಖಾನೆಯಲ್ಲೇ ಮಾಡಿದೆವು. ಬಾವಿಗಳಿಗೆ ಹಾಕಲು ಇಟ್ಟಿದ್ದ ಬ್ಲೀಚಿಂಗ್ ಪುಡಿ ಅವರಲ್ಲಿತ್ತು. ಬಟ್ಟೆ ಒಗೆಯುವ ಸೋಡಾ ಅಂಗಡಿಯಿಂದ ಬಂತು. ಎರಡನ್ನೂ ನೀರಿನಲ್ಲಿ ಕಲಸಿ, ತಿಳಿ ಸೋಸಿ, ಕ್ಷಾರದ ಉರಿ ಹೋಗುವಷ್ಟು ಬೋರಿಕ್ ಪುಡಿ ಹಾಕಿ, ಕಪ್ಪು ಬಾಟಲಿಯಲ್ಲಿ ತುಂಬಿದೆವು. ಬೆಳಕಿಗೆ ಅದರ ಶಕ್ತಿ ಹೋಗುತ್ತದೆ.

“ಬಾವಿ ತೊಳಿಯೋ ಪುಡೀಲೆ ಹಲ್ಲ ತೊಳೀತೀರಿ?” ಎಂದು ಡಾಕ್ಟರು ಅರ್ಧ ನಕ್ಕರು.

“ಇದೂ ಒಂದ ಬಾವೀನ ಅಲ್ಲೇನ್ರಿ” ಎಂದೆ.

ಅಂದಿನಿಂದ ಅಕ್ಕಾವ್ರು ಪ್ರತಿ ವಾರ ರೈಲಿಗೆ ಬೆಳಗಾವಿಗೆ ಬಂದರು. ಹೆಂಗಸರ ಡಬ್ಬಿಯಲ್ಲಿ ಯಾರಾದರೂ ದುರುಗುಟ್ಟಿ ನೋಡಿದರೆ ಅವರು ಬಾಗಿಲಿನ ಹತ್ತಿರವೇ ನಿಂತು ಬರುತ್ತಿದ್ದರೆಂದು ತಮ್ಮ ಹೇಳಿದ. ನನ್ನ ಕೆಲಸ ಪ್ರತಿ ಸಲ ಒಂದೇ. ರಬ್ಬರ್ ಹಾಳೆ, ದಾರ, ಪಟಕ, ಕಾಯುವುದು. ಮೊನೆ ಮೊಂಡು ಮಾಡಿದ ಸೂಜಿಯಿಂದ ನಾಳದ ಬಾಯಿಗೆ ಒಂದೊಂದೇ ಹನಿ ಬಿಡುವುದು. ಒತ್ತುವಂತಿಲ್ಲ. ಒತ್ತಿದರೆ ನೀರು ಬೇರಿನ ತುದಿ ದಾಟಿ ಒಳಗೆ ರಕ್ತ ಒಡೆಸುತ್ತದೆ, ಅವರ ಮೈಯಲ್ಲಿ ಒಡೆದ ರಕ್ತ ನಿಲ್ಲುವುದಿಲ್ಲ. ಹನಿ ನೊರೆಯಾಗಿ ಮೇಲೆ ಬರುತ್ತಿತ್ತು, ಅದನ್ನು ಅರಳೆಯಿಂದ ಹೀರಿ ಮತ್ತೊಂದು ಹನಿ. ನಡುವೆ ಸಣ್ಣ ಅರದಿಂದ ನಾಳದ ಗೋಡೆಯನ್ನು ಮೆಲ್ಲಗೆ ಕೆರೆಯುವುದು. ಕೊನೆಗೆ ಒಣಗಿಸಿ, ಬರೀ ಶುದ್ಧ ಅರಳೆಯಿಟ್ಟು ಮುಚ್ಚುವುದು. ಅವರು ಕುರ್ಚಿಯಲ್ಲಿ ಅಲುಗದೆ ಕೂಡುತ್ತಿದ್ದರು.

ಜ್ವರ ಹೋಯಿತು, ಬಾವು ಇಳಿಯಿತು. ನಾಳ ವಾಸನೆ ಬಿಟ್ಟಿತು. ಆದರೆ ಗದ್ದದ ಕುಳಿ ಮಾತ್ರ ಮುಚ್ಚಲಿಲ್ಲ. ಪ್ರತಿ ವಾರ ಅದೇ ಒಂದು ಹನಿ.

“ಈ ಸಲಾನೂ ಅದ ಏನ್ರಿ?” ಎಂದು ಕೇಳುತ್ತಿದ್ದರು. ನಾನು ಹೌದು ಎನ್ನುತ್ತಿದ್ದೆ. ಒಂದು ವಾರ ಅವರು ಕೇಳುವುದನ್ನೇ ಬಿಟ್ಟರು. ಆ ವಾರ ನನಗೆ ಹೆಚ್ಚು ಕಷ್ಟವಾಯಿತು.

ಶಾಲೆಯ ಕಮಿಟಿಯವರು ಅಷ್ಟರಲ್ಲಿ ಅವರ ಜಾಗಕ್ಕೆ ಸದ್ಯಕ್ಕೆಂದು ಬೇರೊಬ್ಬರನ್ನು ತಂದಿದ್ದರು. ಅಕ್ಕಾವ್ರ ಮನೆಯ ಮುಂದೆ ಹಾದುಹೋಗುವ ಹುಡುಗಿಯರನ್ನು ತಾಯಂದಿರು ಓಣಿಯ ಆಚೆ ಬದಿಯಿಂದ ನಡೆಸಿಕೊಂಡು ಹೋಗುತ್ತಿದ್ದರು. ಇದನ್ನು ಅವರು ದೂರಿನ ಹಾಗೆ ಹೇಳಲಿಲ್ಲ. “ನಾ ಅವರ ತಾಯಿ ಆಗಿದ್ರ ನಾನೂ ಹಂಗ ಮಾಡ್ತಿದ್ದೆನೋ ಏನೋ” ಎಂದರು.

ಒಂದು ದಿನ ನಾಳ ಒಣಗಿಸಲು ಇಟ್ಟ ಕಾಗದದ ಕಡ್ಡಿಯನ್ನು ಹೊರಗೆ ತೆಗೆದು ಬೆಳಕಿಗೆ ಹಿಡಿದೆ. ತುದಿ ಒಣಗಿತ್ತು. ಆದರೆ ಕಡ್ಡಿಯ ಒಂದು ಮಗ್ಗುಲು ಮಾತ್ರ, ನಾಲಗೆಯ ಕಡೆಯದು, ಒದ್ದೆಯಾಗಿತ್ತು. ಇನ್ನೊಂದು ಕಡ್ಡಿ ಇಟ್ಟೆ. ಅದೂ ಹಾಗೆಯೇ. ತುದಿಯಿಂದ ಬರದ ತೇವ ಪಕ್ಕದಿಂದ ಹೇಗೆ ಬಂತು? ಆ ಪಕ್ಕದಲ್ಲಿ ಇನ್ನೊಂದು ದಾರಿ ಇರಲೇಬೇಕು. ಕೆಳಗಿನ ಮುಂಬಲ್ಲಿನ ಬೇರು ಮುಂದಿನಿಂದ ನೋಡಿದರೆ ಸಪೂರ, ಪಕ್ಕದಿಂದ ನೋಡಿದರೆ ಹಲಗೆಯಂತೆ ಅಗಲ. ಎಕ್ಸ್‌-ರೇ ಮುಂದಿನಿಂದ ತೆಗೆದದ್ದು. ಒಂದರ ಹಿಂದೆ ಒಂದು ಎರಡು ನಾಳಗಳಿದ್ದರೆ ಅದರಲ್ಲಿ ಒಂದೇ ಕಾಣುತ್ತದೆ.

ಹಿಂದಿನ ಬಾಗಿಲನ್ನು ವಸಡಿನ ಕಡೆಗೆ ಒಂದು ಕೂದಲಿನಷ್ಟು ಕೆಳಗೆ ಅಗಲಿಸಿದೆ. ಅತಿ ಸಣ್ಣ ಅರದ ಮೊನೆಯನ್ನು ತುಸು ಬಾಗಿಸಿ ಆ ಗೋಡೆಗುಂಟ ಇಳಿಸಿದೆ. ಜಾರಿತು, ಜಾರಿತು, ಮತ್ತೆ ಜಾರಿತು. ಆಮೇಲೆ ಒಮ್ಮೆ ಸಿಕ್ಕಿಕೊಂಡಿತು. ಮೆಲ್ಲಗೆ ತಳ್ಳಿದಾಗ ಒಳಗೆ ಹೋಯಿತು. ಹೊರಗೆ ತೆಗೆದಾಗ ಅದರ ಮೈಗೆ ಮೊದಲ ದಿನದ ಅದೇ ಕಪ್ಪು, ಅದೇ ವಾಸನೆ. ಇಷ್ಟು ವಾರ ನಾನು ಒಂದು ಕೋಣೆಯನ್ನು ತೊಳೆಯುತ್ತ, ಅದರ ಬಾಜುವಿನ ಕೋಣೆಯ ಬಾಗಿಲನ್ನೇ ನೋಡಿರಲಿಲ್ಲ.

ಆ ಎರಡನೆಯ ನಾಳವನ್ನೂ ಹಾಗೆಯೇ ಹನಿ ಹನಿಯಾಗಿ ತೊಳೆದೆ. ಮುಂದಿನ ವಾರ ಅಕ್ಕಾವ್ರು ಬಾಗಿಲಿಗೆ ಬಂದು ನಿಂತು, ಒಳಗೆ ಬರದೆ, ಸೆರಗು ಪೂರ್ತಿ ತೆಗೆದು ಮುಖ ತೋರಿಸಿದರು. ಕುಳಿ ಒಣಗಿತ್ತು.

ಕೆಲವು ವಾರ ಕಾದು, ಮತ್ತೆ ಒಡೆಯದ್ದನ್ನು ನೋಡಿ, ಎರಡೂ ನಾಳಗಳಿಗೆ ಗಟಾಪರ್ಚ ಎಂಬ ರಬ್ಬರಿನಂಥ ಅಂಟಿನ ಸಣ್ಣ ಕಡ್ಡಿಗಳನ್ನು ಇಟ್ಟು ತುಂಬಿ, ಹಲ್ಲನ್ನು ಕೊನೆಯದಾಗಿ ಮುಚ್ಚಿದೆ. ಗದ್ದದ ಚರ್ಮ ಒಳಕ್ಕೆ ಸೆಳೆದುಕೊಂಡು ಒಂದು ಸಣ್ಣ ತಗ್ಗಾಗಿ ಉಳಿಯಿತು. ತಿಂಗಳುಗಳ ನಂತರ ಮತ್ತೆ ತೆಗೆಸಿದ ಚಿತ್ರದಲ್ಲಿ, ಬೇರಿನ ತುದಿಯ ಕಪ್ಪು ಉಂಡೆಯಿದ್ದಲ್ಲಿ, ಜೇಡರ ಬಲೆಯ ಹಾಗೆ ಹೊಸ ಎಲುಬು ಮೂಡಿತ್ತು. ಯಾವ ಔಷಧವೂ ಅದನ್ನು ಮಾಡಿರಲಿಲ್ಲ. ಕೊಳೆ ಹೋದ ಮೇಲೆ ಮೈ ತಾನೇ ಮಾಡಿಕೊಂಡದ್ದು.

ಅಕ್ಕಾವ್ರು ಎರಡೂ ಫಿಲ್ಮುಗಳನ್ನು ಕಿಟಕಿಗೆ ಹಿಡಿದು ಬಹಳ ಹೊತ್ತು ನೋಡಿದರು. “ಇವನ್ನ ದೊಡ್ಡೂ ಮಾಡಿಸಿ ಕೊಡ್ತೀರೇನ್ರಿ? ಕಮಿಟಿಯವರಿಗೆ ತೋರಸ್ತೀನಿ. ಕಣ್ಣೀಲೆ ನೋಡಿದ್ರ ನಂಬ್ತಾರ.”

ನನಗೂ ಹಾಗೇ ಅನಿಸಿತು. ಕ್ಯಾಂಪಿನ ಫೋಟೋದವನಿಂದ ಎರಡನ್ನೂ ಅಂಗೈ ಅಗಲಕ್ಕೆ ಕಾಗದದ ಮೇಲೆ ಇಳಿಸಿ ತರಿಸಿದೆ.

ಕಮಿಟಿ ಸೇರಿದ್ದು ಅಧ್ಯಕ್ಷರ ಕಟ್ಟಿಗೆ ಅಡ್ಡೆಯ ಮೇಲಿನ ಮಾಳಿಗೆಯಲ್ಲಿ. ಅಧ್ಯಕ್ಷರು ಕಟ್ಟಿಗೆ ವ್ಯಾಪಾರಿ, ಒಳ್ಳೆಯ ಮನುಷ್ಯರು. ಶಾಲೆಯ ಕಟ್ಟಡಕ್ಕೆ ತೊಲೆ ಜಂತೆ ಎಲ್ಲ ಅವರೇ ಕೊಟ್ಟಿದ್ದರು. ನಾನೂ ಮುದಿ ಡಾಕ್ಟರೂ ಹೋಗಿದ್ದೆವು. ಅಕ್ಕಾವ್ರು ಬಾಗಿಲ ಹತ್ತಿರ ನಿಂತಿದ್ದರು, ತಮ್ಮ ಅವರ ಹಿಂದೆ. ಡಾಕ್ಟರು ಎದ್ದು ನೇರವಾಗಿ ಹೇಳಿದರು. “ಇದು ಹಲ್ಲಿನ ಹುಣ್ಣಿತ್ತು. ನಾ ಕ್ಷಯಾ ಅಂದಿದ್ದೆ, ನಂದು ತಪ್ಪಿತ್ತು. ನೀವು ಅಂದದ್ದಂತೂ ಯಾವತ್ತೂ ಇರಲಿಲ್ಲ.”

ನಾನು ಚಿತ್ರಗಳನ್ನು ಅಧ್ಯಕ್ಷರ ಕೈಗೆ ಕೊಟ್ಟು ವಿವರಿಸಿದೆ. ಅವರು ತಲೆಯಾಡಿಸುತ್ತ ನೋಡಿದರು, ಬಾಜುವಿನವರಿಗೆ ಕೊಟ್ಟರು. ಆ ಕಾಗದ ಕೈಯಿಂದ ಕೈಗೆ ಹೋಗುವಾಗ ನನಗೆ ಮೆಲ್ಲಗೆ ತಿಳಿಯಿತು. ನಾನು ನೋಡುತ್ತಿದ್ದದ್ದು ತುಂಬಿ ಬಂದ ಎಲುಬನ್ನು. ಅವರು ನೋಡುತ್ತಿದ್ದದ್ದು ಮಾಂಸವಿಲ್ಲದ ದವಡೆಯನ್ನು, ಉದ್ದುದ್ದ ಬೇರಿನ ಬರಿಯ ಹಲ್ಲುಗಳನ್ನು. ಕೊನೆಯ ಸದಸ್ಯರು ಕಾಗದವನ್ನು ಬೋರಲಾಗಿ ಚಾಪೆಯ ಮೇಲಿಟ್ಟು ಪಂಚೆಗೆ ಬೆರಳು ಒರೆಸಿಕೊಂಡರು.

“ಇದು ಈ ಅಕ್ಕಾವ್ರದ ಏನ್ರಿ?” ಎಂದರು. “ಇನ್ನೂ ಜೀವಂತ ಇದ್ದಾವ್ರದು?”

ಅಧ್ಯಕ್ಷರು ಅಕ್ಕಾವ್ರ ಕಡೆ ತಿರುಗಿದರು. “ಅಕ್ಕಾವ್ರ, ನೀವು ಹೇಳೂದು ಖರೇ ಐತಿ. ಇಬ್ಬರು ಡಾಕ್ಟರು ಹೇಳಾಕತ್ತಾರ, ನಾವು ನಂಬ್ತೀವಿ. ಆದರ ನಾವು ನಂಬಿದ್ರ ಏನಾತ್ರಿ? ನಾಳೆ ನೀವು ಸಾಲ್ಯಾಗ ಕಾಲಿಟ್ರ ಹುಡಿಗ್ಯಾರು ಬರೂದಿಲ್ಲ. ಮೊದಲ ಹೆಣ್ಣ ಹುಡಿಗ್ಯಾರನ್ನ ಸಾಲಿಗೆ ಕಳಸ್ರಿ ಅಂತ ಮನಿಮನಿಗೆ ಕೈ ಮುಗದೀವಿ. ಸಾಲೀನ ಮುಚ್ಚಬೇಕಾಗ್ತೈತಿ. ನೀವ ಹೇಳ್ರಿ, ಏನ ಮಾಡೂಣು?”

ಅಕ್ಕಾವ್ರು, “ನಾಳೆ ಒಂದ ದಿವಸ ಬಂದು, ಹುಡಿಗ್ಯಾರಿಗೆ ಹೋಗಿಬರ್ತೀನಿ ಅಂತ ಹೇಳಿ ಹೋಗ್ಲೇನ್ರಿ?” ಎಂದು ಕೇಳಿದರು.

ಅಧ್ಯಕ್ಷರು ನೆಲ ನೋಡಿದರು. ಅಕ್ಕಾವ್ರು ಚಾಪೆಯವರೆಗೆ ಬಂದು, ಬೋರಲಾಗಿದ್ದ ಕಾಗದ ತೆಗೆದುಕೊಂಡು, ಎಲ್ಲರಿಗೂ ನಮಸ್ಕಾರ ಮಾಡಿ ಇಳಿದು ಹೋದರು.

ಮಳೆಗಾಲಕ್ಕೆ ಮೊದಲು ಅವರು ವಿಜಾಪುರದ ಕಡೆಯ ಒಂದು ಊರಿನಲ್ಲಿ ಕೆಲಸ ಹುಡುಕಿಕೊಂಡು ಹೋದರು. ಅಲ್ಲಿ ಅವರನ್ನು ಬಲ್ಲವರು ಯಾರೂ ಇರಲಿಲ್ಲ. ಅದೇ ಅವರಿಗೆ ಬೇಕಾಗಿತ್ತು. ಹೋಗುವ ಮೊದಲು ಹಲ್ಲು ತೋರಿಸಲು ಬಂದಾಗ, ಗದ್ದದ ತಗ್ಗಿನ ಬಗ್ಗೆ ಯಾರಾದರೂ ಕೇಳಿದರೆ ಸಣ್ಣವಳಿದ್ದಾಗ ಬಿದ್ದದ್ದು ಎಂದು ಹೇಳುವುದಾಗಿ ತಿಳಿಸಿದರು.

ಅವರು ಹೋದ ಮೇಲೆ ಒಂದು ಮಧ್ಯಾಹ್ನ ಮುದಿ ಡಾಕ್ಟರು ಹೇಳದೆ ಕೇಳದೆ ಕ್ಯಾಂಪಿಗೆ ಬಂದರು. ರುಮಾಲು ತೆಗೆದು ತೊಡೆಯ ಮೇಲಿಟ್ಟುಕೊಂಡು ರೋಗಿಗಳ ಬಾಂಕಿನ ಮೇಲೆ ಕೂತರು. ಒಳಗೆ ಬರ್ರಿ ಎಂದರೂ ಏಳಲಿಲ್ಲ.

“ಭಾಳ ವರ್ಷದ ಹಿಂದ ಇನ್ನೊಬ್ಬಾವ ಇದ್ದ” ಎಂದರು. “ನಮ್ಮ ತಾಲೂಕಿನವನ. ಒಕ್ಕಲತನ ಮಾಡಾವ. ಇಲ್ಲಿ, ದವಡೀ ಕೆಳಗ ಹುಣ್ಣ ಇತ್ತು. ಊರ ಮಂದಿ ಎಲ್ಲಾ ಕೂಡಿ ಹಿಡಕೊಂಡ ಬಂದಿದ್ರು. ಕೈಯೊಳಗ ಸುಟ್ಟ ಕಲೀನೂ ಇತ್ತು. ನಾ ಅದ ರೋಗ ಅಂತ ಬರದ ಕೊಟ್ಟೆ. ಊರ ಹೊರಗಿನ ಮಹಾರೋಗಿಗಳ ಆಶ್ರಮಕ್ಕ ಹಾಕಿದ್ರು. ಅವನ ಬಾಯಿ ನಾ ತಗಸಿ ನೋಡಿಲ್ರಿ.”

ನಾನು ಚೀಲ ಕಟ್ಟಿದೆ.

ಮರುದಿನ ಬಾಡಿಗೆ ಟಾಂಗಾ ಮಾಡಿಕೊಂಡು ಮುಂಜಾನೆಯೇ ಹೊರಟು, ಬಿಸಿಲೇರುವ ಹೊತ್ತಿಗೆ ಆಶ್ರಮ ಸೇರಿದೆವು. ಅಲ್ಲಿಯವರು ಅವನನ್ನು ತೋಟದಿಂದ ಕರೆದು ತಂದರು. ಕೈಯಲ್ಲಿ ಕಳೆ ತೆಗೆಯುವ ಕುರ್ಪಿ ಇತ್ತು. ಬೆರಳುಗಳೆಲ್ಲ ಇದ್ದವು. ನಾನು ಒಂದೊಂದನ್ನೂ ಸೂಜಿಯಿಂದ ಮುಟ್ಟಿದೆ. ಒಂದೊಂದಕ್ಕೂ ಅವನು ಕೈ ಹಿಂದಕ್ಕೆಳೆದ. ಮಹಾರೋಗ ತಾಗಿದ ಬೆರಳಿಗೆ ಆ ಚುಚ್ಚು ತಿಳಿಯುವುದಿಲ್ಲ. ದವಡೆಯ ಕೆಳಗೆ ಒಂದು ಹಳೆಯ ತಗ್ಗು ಇತ್ತು, ಪೂರ್ತಿ ಮಾಯ್ದದ್ದು. ಬಾಯಿ ತೆರೆಸಿದೆ. ಆ ತಗ್ಗಿನ ಮೇಲೆ ಸರಿಯಾಗಿ ಒಂದು ದವಡೆ ಹಲ್ಲು ಇರಲಿಲ್ಲ.

“ಈ ಹಲ್ಲ ಯಾವಾಗ ಹೋತು?”

“ಇಲ್ಲಿಗೆ ಬಂದ ಮ್ಯಾಲ್ರಿ. ಅಳ್ಳಾಡಿ ಅಳ್ಳಾಡಿ ತಾನ ಬಿತ್ತು.”

“ಹುಣ್ಣು?”

“ಅದರ ಹಿಂದಿಂದ ಮಾಯ್ತ್ರಿ.”

ಡಾಕ್ಟರು ಅವನ ಮುಂದೆ ಕೂತರು, ನೆಲದ ಮೇಲೆಯೇ. “ನಿನಗ ಆ ರೋಗ ಇಲ್ಲಪಾ. ಇರಲೇ ಇಲ್ಲ.”

“ಗೊತ್ತೈತ್ರಿ” ಎಂದ ಅವನು.

“ಮತ್ತ ಯಾರಿಗಾರ ಹೇಳಬೇಕಿತ್ತಿಲ್ಲೋ?”

“ಹೇಳಿದ್ನಿರಿ. ಇಲ್ಲಿ ಬಂದಾವ್ರೆಲ್ಲಾ ಮೊದಲ ಹಂಗ ಹೇಳ್ತಾರ ಅಂದ್ರು. ಆಮ್ಯಾಲ ಬಿಟ್ಟೆ.”

ತಾನು ಈಗಲೇ ಹೊಸ ಕಾಗದ ಬರೆದುಕೊಡುತ್ತೇನೆ, ಇವತ್ತೇ ಗಾಡಿಯಲ್ಲಿ ಕರೆದುಕೊಂಡು ಹೋಗಿ ಊರು ಮುಟ್ಟಿಸುತ್ತೇನೆ ಎಂದು ಡಾಕ್ಟರು ಹೇಳಿದರು. ಅವನು ಕುರ್ಪಿಯ ಮಣ್ಣನ್ನು ಹೆಬ್ಬೆರಳಿನಿಂದ ತೆಗೆಯುತ್ತ ಕೇಳಿದ.

“ಹೆಂಡತಿ ಇನ್ನೊಬ್ಬನ ಕೂಡ ಉಡಿಕಿ ಆಗ್ಯಾಳ್ರಿ. ಮಕ್ಕಳಿಗೆ ಅಪ್ಪ ಸತ್ತ ಅಂತ ಹೇಳ್ಯಾರ. ಹೊಲಾ ಅಣ್ಣತಮ್ಮರು ಮಾಡಾಕತ್ತಾರ. ಯಾರ ಮನಿ ಮುಂದ ನನ್ನ ಇಳಸ್ತೀರಿ?”

ದೂರದಲ್ಲಿ ಯಾರೋ ಬಾವಿಯಿಂದ ನೀರು ಸೇದುತ್ತಿದ್ದರು. ರಾಟೆಯ ಸಪ್ಪಳ ಬಹಳ ಹೊತ್ತು ಕೇಳಿತು.

ಕೊನೆಗೆ ಅವನೇ ನಮ್ಮ ಮೇಲೆ ಕನಿಕರಪಟ್ಟವನಂತೆ ನನ್ನ ಚೀಲದ ಕಡೆ ನೋಡಿದ.

“ಇಷ್ಟ ದೂರ ಬಂದೀರಿ. ಈ ಕಡೆದೊಂದು ಹಲ್ಲ ಭಾಳ ನೋಯ್ತೈತ್ರಿ. ಅದನ್ನಾರ ನೋಡ್ರಿ.”

ಒಂದು ಕಲ್ಲಿನ ಮೇಲೆ, ಸೂರ್ಯನಿಗೆ ಮುಖ ಮಾಡಿ ಅವನನ್ನು ಕೂಡಿಸಿದೆ. ಚೀಲ ಬಿಚ್ಚಿ ಕನ್ನಡಿ ತೆಗೆದುಕೊಂಡೆ. ಡಾಕ್ಟರು ಎದ್ದು, ಕೋಟು ಬಿಚ್ಚಿ ಗಿಡಕ್ಕೆ ಹಾಕಿ, ಅವನ ಹಿಂದೆ ಹೋಗಿ ನಿಂತು, ಅವನ ತಲೆಯನ್ನು ತಮ್ಮ ಎರಡೂ ಅಂಗೈಗಳಲ್ಲಿ ಗಟ್ಟಿಯಾಗಿ ಹಿಡಿದುಕೊಂಡರು.